ಗರ್ಭಕೋಶ ತೆಗೆಸಿದವರ ಮೂಳೆಗೆ ಯಾರು ದಿಕ್ಕು?

ಮಾನ್ಯರೇ,

ನಮ್ಮ ಬೀದಿಯ ಅಕ್ಕ ಒಬ್ಬರಿಗೆ ಇನ್ನೂ 48. ಬಚ್ಚಲಲ್ಲಿ ಜಾರಿ ಕೈಯೂರಿದರು, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಮೂವತ್ತರ ಆಸುಪಾಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿದ್ದರು. ಮುಂದೆ ಮೂಳೆ ಸವೆಯಬಹುದು ಅಂತ ಆಗ ಯಾರೂ ಹೇಳಿರಲಿಲ್ಲವಂತೆ.

ಹೆಂಗಸರ ಮೂಳೆ ಬೇಗ ಸವೆಯದಂತೆ ಕಾಯುವುದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಲ್ಲುವ ಹೊತ್ತಿಗೆ ಅದು ಕಡಿಮೆಯಾಗುತ್ತದೆ. ಎರಡೂ ಅಂಡಾಶಯ ತೆಗೆದರಂತೂ ಒಮ್ಮೆಗೇ ಕುಸಿಯುತ್ತದೆ. ಚಿಕ್ಕ ವಯಸ್ಸಿನಲ್ಲೇ ಹೀಗಾದರೆ ಪೆಟ್ಟು ಜಾಸ್ತಿ. ‘ಮಕ್ಕಳಾದವಲ್ಲ, ತೆಗೆಸಿಬಿಡಿ’ ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತದೆ ಅಲ್ವಾ! ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಇನ್ನು ಊಟ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರ ಶಿಫಾರಸಿನಂತೆ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ., ಮುಟ್ಟು ನಿಂತವರಿಗೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಸಿಗುತ್ತದೆ. ಬಿಳಿ ಅಕ್ಕಿಯಲ್ಲಿ ತೀರಾ ಕಡಿಮೆ. ಮುದ್ದೆ ಬಿಟ್ಟು ಅನ್ನಕ್ಕೆ ಒಗ್ಗಿಕೊಂಡ ಮನೆಗಳೇ ಈಗ ಹೆಚ್ಚು. ಹಾಲು, ಮೊಸರು ಗಂಡಸರಿಗೂ ಮಕ್ಕಳಿಗೂ ಬಡಿಸಿ ಉಳಿದರೆ ಮಾತ್ರ ಅಮ್ಮನಿಗೆ. ನುಗ್ಗೆಸೊಪ್ಪು, ಎಳ್ಳು ಖಂಡಿತ ತಿನ್ನಲಿ. ಆದರೆ ಹಾರ್ಮೋನಿನ ಕೊರತೆಯನ್ನು ಬರೀ ಊಟದಿಂದ ತುಂಬಲಾಗದು.

ಆಪರೇಷನ್‌ಗೆ ಸಹಿ ಹಾಕಿಸುವ ಮೊದಲೇ ಅಂಡಾಶಯ ಉಳಿಸಬಹುದೇ ಎಂದು ವೈದ್ಯರು ಬಿಡಿಸಿ ಹೇಳಬೇಕು. ಈಗಾಗಲೇ ತೆಗೆಸಿದವರಿಗೆ ಹಾರ್ಮೋನು ಚಿಕಿತ್ಸೆ ಬೇಕೇ, ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಜಿಲ್ಲಾ ಆಸ್ಪತ್ರೆಗಳಲ್ಲೇ ಕರೆದು ತಪಾಸಣೆ ಮಾಡಲಿ.

– ಓದುಗಿ, ಚಿತ್ರದುರ್ಗ