ಪಿ.ಆರ್. ಕಾರ್ಡ್ ಹಾಳಾದರೆ ಟೇಪ್ ಹಚ್ಚಬೇಡಿ

ಮಾನ್ಯರೇ,

ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಕೆನಡಾಗೆ ಹೋಗಿ ನೆಲೆಸಿದವರು ಮದುವೆ, ಜಾತ್ರೆ ಅಂತ ಊರಿಗೆ ಬರ್ತಾ ಇರುತ್ತಾರೆ. ಅವರ ಮನೆಯವರೂ ಇದನ್ನು ಓದಲಿ.

ನನ್ನ ಅಕ್ಕನ ಮಗ ದುಗ್ಗಮ್ಮನ ಜಾತ್ರೆಗೆ ಬಂದಿದ್ದ. ವಾಪಸ್ ಹೊರಡುವಾಗ ನೋಡಿದರೆ ಅವನ ಪಿ.ಆರ್. ಕಾರ್ಡ್ (ಕೆನಡಾದಲ್ಲಿ ಕಾಯಂ ಆಗಿ ನೆಲೆಸುವ ಹಕ್ಕಿದೆ ಅಂತ ತೋರಿಸುವ ಕಾರ್ಡ್) ಪರ್ಸಿನಲ್ಲೇ ಬಾಗಿ, ಫೋಟೊ ಪಕ್ಕ ಸೀಳು ಬಿಟ್ಟು, ಮೇಲಿನ ಪದರ ಹಪ್ಪಳದ ಹಾಗೆ ಎದ್ದಿತ್ತು. ಇಲ್ಲಿನ ಟಿಕೆಟ್ ಏಜೆಂಟ್ "ಏನಾಗಲ್ಲ ಬಿಡಿ ಸಾರ್, ಟೇಪ್ ಹಚ್ಚಿ ಹೋಗಿ" ಅಂದ. ಬೆಂಗಳೂರು ಏರ್‌ಪೋರ್ಟ್‌ನಲ್ಲಿ ವಿಮಾನ ಹತ್ತಿಸಲಿಲ್ಲ. ಟಿಕೆಟ್ ದುಡ್ಡು ನೀರುಪಾಲು.

ಕೌಂಟರ್‌ನವರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ, ಸರಿಯಾದ ದಾಖಲೆ ಇಲ್ಲದವರನ್ನು ಕರೆದೊಯ್ದರೆ ಕೆನಡಾ ಸರ್ಕಾರ ವಿಮಾನ ಕಂಪನಿಯಿಂದಲೇ ದುಡ್ಡು ವಸೂಲಿ ಮಾಡುತ್ತದೆ. ಆದರೆ ಕಾರ್ಡ್ ಹಾಳಾಯಿತು ಅಂತ ಪಿ.ಆರ್. ಹಕ್ಕೇನೂ ಹೋಗುವುದಿಲ್ಲ. ಇಲ್ಲಿಂದಲೇ 'ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್'ಗೆ, ಅಂದರೆ ಕಾರ್ಡ್ ಬದಲು ತೋರಿಸಿ ಕೆನಡಾಗೆ ವಾಪಸ್ ಹೋಗುವ ದಾಖಲೆಗೆ, ಅರ್ಜಿ ಹಾಕಬೇಕು. ಶುಲ್ಕ 50 ಕೆನಡಾ ಡಾಲರ್, ಅದೇನು ಜಾಸ್ತಿ ಅಲ್ಲ. ತಲೆನೋವು ಬೇರೆ ಇದೆ: ಹಿಂದಿನ 5 ವರ್ಷದಲ್ಲಿ ಕನಿಷ್ಠ 730 ದಿನ ಅಲ್ಲಿದ್ದೆ ಅಂತ ತೋರಿಸಲು ಸಂಬಳದ ಚೀಟಿ, ತೆರಿಗೆ ಕಾಗದ ಎಲ್ಲ ಹುಡುಕಬೇಕು, ಅವು ಅಲ್ಲಿನ ಮನೆಯ ಬೀರುವಿನಲ್ಲಿರುತ್ತವೆ! ಆ ಟ್ರಾವೆಲ್ ಡಾಕ್ಯುಮೆಂಟ್ ಕೈಗೆ ಬರುವವರೆಗೆ ಕೆಲಸಕ್ಕೆ ರಜೆ ಕೇಳುತ್ತಾ ಕೂರಬೇಕು.

ಲಕ್ಷಗಟ್ಟಲೆ ಟಿಕೆಟ್ ಮಾರುವ ನಮ್ಮೂರ ಏಜೆಂಟರು ಇಷ್ಟಾದರೂ ತಿಳಿದುಕೊಳ್ಳಬೇಕು ಅಲ್ವಾ? ಗೊತ್ತಿಲ್ಲದಿದ್ದರೆ "ವಿಚಾರಿಸಿ ಹೇಳ್ತೀನಿ" ಅನ್ನಲಿ, ಸಾಕು.

— ಓದುಗ, ವಿದ್ಯಾನಗರ, ದಾವಣಗೆರೆ