ಕೂಸು ನೋಡಿಕೊಳ್ಳುವವರನ್ನು ಬಿಡಿಸುವ ಮುನ್ನ

ಬಳ್ಳಾರಿ ಪೋಷಕರ ಗುಂಪಿನ ಎಲ್ಲರಿಗೂ ನಮಸ್ಕಾರ್ರೀ. ಜೂನ್‌ನಲ್ಲಿ ಮಕ್ಕಳು ಶಾಲೆಗೆ ಸೇರಿದ ಮೇಲೆ ಕೂಸು ನೋಡಿಕೊಳ್ಳುವ ಅಕ್ಕನವರನ್ನು ಬಿಡಿಸುವವರು ಒಂದು ತಿಂಗಳು ಮೊದಲೇ ಹೇಳಿ. ಆಗದಿದ್ದರೆ ಆ ತಿಂಗಳ ಪಗಾರ ಕೊಟ್ಟೇ ಕಳಿಸಿ. ಫೋನಿನಲ್ಲಿ ಹೇಳುವುದು ಬೇಡ, ಮಗುವಿನ ಎದುರಿಗೂ ಬೇಡ. "ನಿಮ್ಮ ತಪ್ಪೇನಿಲ್ಲ, ಮಗು ಸಾಲಿಗೆ ಹೊಂಟದ" ಅಂತ ಕಾರಣ ನೇರವಾಗಿ ಹೇಳದಿದ್ದರೆ ಓಣಿಯಲ್ಲಿ ಕಳವಿನ ಗುಮಾನಿ ಹುಟ್ಟುತ್ತದೆ, ಮುಂದೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ.

ಜಗಳ ಬರುವುದು ಹೆಚ್ಚಾಗಿ ಮುಂಗಡದ ಲೆಕ್ಕದಲ್ಲೇ. ಮೊದಲೇ ಹೇಳಿ ಬಿಡಿಸುವಾಗ ತಿಂಗಳ ಪಗಾರ 9,000 ಇದ್ದು ಕಡೇ ತಿಂಗಳಲ್ಲಿ 12 ದಿನ ದುಡಿದಿದ್ದರೆ 3,600. ಮುಂಗಡ 2,000 ಕಳೆದರೆ 1,600. ಚೀಟಿಯಲ್ಲಿ ಬರೆದು ತೋರಿಸಿ. (ಮುಂಗಡ ಬಿಟ್ಟುಕೊಟ್ಟರೆ ಇನ್ನೂ ಚಲೋ.) ಬೇರೆ ಮನೆಯಲ್ಲಿ ಕೆಲಸ ಸಿಗಲಿ ಅಂತ ಈ ಗುಂಪಿನಲ್ಲಿ ಅವರ ನಂಬರ್ ಹಾಕುವ ಮುನ್ನ ಅವರನ್ನೇ ಕೇಳಿ.

ಕಡೇ ದಿನ ಕೂಸು ಟಾಟಾ ಮಾಡಲಿ. ಮಲಗಿದ್ದಾಗ ಕಳಿಸಿಬಿಟ್ಟರೆ ಎದ್ದು ಮನೆಯೆಲ್ಲಾ ಹುಡುಕುತ್ತದೆ.