ಗಿರಣಿಯ ನಷ್ಟಕ್ಕೆ ಹೊಣೆ ಯಾರು?

ಮಾನ್ಯ ಸಂಪಾದಕರೇ,

ಗಂಗಾವತಿ ಭಾಗದ ಅಕ್ಕಿ ಗಿರಣಿಗಳಲ್ಲಿ ಬಹುಕಾಲದಿಂದ ಲೆಕ್ಕ ಬರೆಯುತ್ತಿರುವ ನಾನು, ನಷ್ಟವಾದಾಗ ಹೊಣೆಯನ್ನು ತಪ್ಪಿತಸ್ಥರಲ್ಲದವರ ತಲೆಗೆ ಕಟ್ಟುವ ರೂಢಿಯ ಬಗ್ಗೆ ಬರೆಯುತ್ತಿದ್ದೇನೆ.

ಕುದಿಸದ ಭತ್ತ ಕ್ವಿಂಟಲ್‌ಗೆ 67 ಕಿಲೋ ಅಕ್ಕಿ ಕೊಡಬೇಕೆಂಬುದು ಸರ್ಕಾರಿ ಖರೀದಿಯ ಅಳತೆ. ನಾನಿದ್ದ ಗಿರಣಿಯೊಂದರಲ್ಲಿ ಒಂದು ಹಂಗಾಮು ಇಳುವರಿ ಕುಸಿದು ನುಚ್ಚು ಹೆಚ್ಚಾದಾಗ, ಯಂತ್ರ ನಡೆಸುವ ಮೇಸ್ತ್ರಿಯ ಬೋನಸ್ ಕಡಿತವಾಯಿತು. ಆದರೆ ಆ ಭತ್ತದ ಚೀಲದೊಳಗೆ ಕೈ ಹಾಕಿದರೆ ಬಿಸಿ ತಗಲುತ್ತಿತ್ತು; ಸರಿಯಾಗಿ ಒಣಗದ ಭತ್ತ ಹೀಗೆ ಬಿಸಿಯೇರುತ್ತದೆ, ಗಿರಣಿಯಲ್ಲಿ ಒಡೆದು ನುಚ್ಚಾಗುತ್ತದೆ. ಶೇ 17ರ ತೇವಾಂಶದ ಮಿತಿ ಮೀರಿದ ಮಾಲನ್ನು ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದವರು ಖರೀದಿಯವರು. ಅಗ್ಗದ ಖರೀದಿಯ ಹೆಸರು ಅವರಿಗೆ ಬಂತು, ಇಳುವರಿಯ ನಷ್ಟ ಮೇಸ್ತ್ರಿಯ ಪಾಲಾಯಿತು.

ಹೊಣೆಗಾರಿಕೆ ಕೇಂದ್ರಗಳೆಂದು ಬಿ.ಕಾಂ. ವಿದ್ಯಾರ್ಥಿಗಳು ಓದುವ ಪಾಠದ ತಿರುಳು ಇಷ್ಟೇ: ಯಾರ ಕೈಯಲ್ಲಿ ಏನಿದೆಯೋ ಅದಕ್ಕಷ್ಟೇ ಅವರನ್ನು ಕೇಳಬೇಕು. ಗಿರಣಿ ವಿಭಾಗ ವೆಚ್ಚ ಕೇಂದ್ರ, ಅಂದರೆ ಖರ್ಚಷ್ಟೇ ಅದರ ಕೈಯಲ್ಲಿರುವುದರಿಂದ, ವಿದ್ಯುತ್ತು, ಹಮಾಲಿ, ರಿಪೇರಿ ಮತ್ತು ಒಣಗಿದ ಭತ್ತದ ಮೇಲಿನ ಇಳುವರಿಗೆ ಮೇಸ್ತ್ರಿ ಉತ್ತರ ಕೊಡಲಿ. ಮಾರಾಟದವರದು ಆದಾಯ ಕೇಂದ್ರ, ಅವರನ್ನು ಮಾರಾಟದಿಂದ ಬಂದ ಹಣಕ್ಕಷ್ಟೇ ಕೇಳಬೇಕು. ಖರೀದಿ, ಮಾರಾಟ ಎರಡನ್ನೂ ತಾನೇ ನಿರ್ಧರಿಸುವ ಮ್ಯಾನೇಜರನನ್ನು ಮಾತ್ರ ಲಾಭಕ್ಕೆ ಹೊಣೆ ಮಾಡಬಹುದು. ಹೊಸ ಯಂತ್ರಕ್ಕೆ ಬಂಡವಾಳ ಹಾಕುವ ಅಧಿಕಾರವುಳ್ಳ ಮಾಲೀಕರದು ಹೂಡಿಕೆ ಕೇಂದ್ರವಾಗಿದ್ದು, ಹಾಕಿದ ಹಣಕ್ಕೆ ಎಷ್ಟು ಲಾಭ ಬಂತೆಂದು ಅಳೆಯುವ ಸೂತ್ರವನ್ನು ಅಮೆರಿಕದ ಡುಪಾಂಟ್ ಕಂಪನಿಯ ಡೊನಾಲ್ಡ್‌ಸನ್ ಬ್ರೌನ್ ನೂರು ವರ್ಷಗಳ ಹಿಂದೆಯೇ ರೂಪಿಸಿದ್ದರು.

ಇನ್ನು ಹೊಟ್ಟಿನ ವಿಷಯ. ಹೊರಗೆ ಮಾರಿದರೆ ದುಡ್ಡು ಬರುವ ಹೊಟ್ಟನ್ನು ಬಾಯ್ಲರಿಗೆ ಪುಕ್ಕಟೆ ಹಾಕಿ ಉರಿಸಿದರೆ, ಬಾಯ್ಲರಿನ ಖರ್ಚು ಸುಳ್ಳೇ ಕಡಿಮೆ ಕಾಣುತ್ತದೆ, ಗಿರಣಿ ವಿಭಾಗಕ್ಕೆ ಬರಬೇಕಾದ ಜಮೆ ಬರುವುದಿಲ್ಲ. ಅಂದಿನ ಪೇಟೆ ದರವನ್ನೇ ಒಳ ವರ್ಗಾವಣೆಯ ಬೆಲೆ, ಅಂದರೆ ಒಂದು ವಿಭಾಗ ಇನ್ನೊಂದಕ್ಕೆ ಕೊಟ್ಟ ಮಾಲಿನ ಬೆಲೆಯೆಂದು ಬರೆದರೆ ಎರಡೂ ಕಡೆ ನಿಜ ತಿಳಿಯುತ್ತದೆ. ಇದಕ್ಕೆ ಕಂಪ್ಯೂಟರೂ ಬೇಡ, ಒಂದು ರಿಜಿಸ್ಟರ್ ಸಾಕು.

ಖಾಸಗಿ ಗಿರಣಿಯಲ್ಲಾದರೆ ನಷ್ಟ ಮಾಲೀಕರದು. ರೈತ ಉತ್ಪಾದಕ ಕಂಪನಿ, ಸಹಕಾರ ಸಂಘಗಳಲ್ಲಿ ಅದು ಸಾವಿರ, ಎರಡು ಸಾವಿರ ಷೇರು ಕಟ್ಟಿದ ರೈತರದು. ಆದ್ದರಿಂದ ಈ ಸಂಸ್ಥೆಗಳ ಆಡಳಿತ ಮಂಡಳಿಗಳು ಬರುವ ವಾರ್ಷಿಕ ಮಹಾಸಭೆಯಲ್ಲಿ ಒಟ್ಟು ಲಾಭ-ನಷ್ಟದ ಜೊತೆಗೆ ಖರೀದಿ, ಗಿರಣಿ, ಮಾರಾಟ ವಿಭಾಗಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಮಂಡಿಸಬೇಕೆಂದೂ, ಖರೀದಿಯ ದಿನ ಅಳೆದ ತೇವಾಂಶವನ್ನು ಅದರಲ್ಲಿ ನಮೂದಿಸಬೇಕೆಂದೂ ಕೋರುತ್ತೇನೆ.

– ಒಬ್ಬ ಲೆಕ್ಕಿಗ, ಗಂಗಾವತಿ, ಕೊಪ್ಪಳ ಜಿಲ್ಲೆ